ಕ್ಯಾಸೆಟ್ ದೊಡ್ಡದಾದರೆ ಚೈನಿಗೇನು ಕೆಲಸ?

ಮಳೆಗಾಲ ಮುಗಿದು ರಸ್ತೆ ಒಣಗುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳ ಧಾಟಿ ಬದಲಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ತುಕ್ಕು, ಬ್ರೇಕು, ಮಡ್‌ಗಾರ್ಡು. ಅಕ್ಟೋಬರ್ ಬಂತೆಂದರೆ ಒಂದೇ ಪ್ರಶ್ನೆ ಹತ್ತು ರೂಪದಲ್ಲಿ ಬರುತ್ತದೆ: "ಘಾಟಿ ಹತ್ತುವಾಗ ಮಂಡಿ ಹಿಡಿದುಕೊಳ್ಳುತ್ತೆ. ಹಿಂದಿನ ಕ್ಯಾಸೆಟ್ ದೊಡ್ಡದು ಹಾಕಿಸಬಹುದಾ?"

ಖಂಡಿತ ಹಾಕಿಸಬಹುದು. ನಲವತ್ತರ ಆಸುಪಾಸಿನಲ್ಲಿರುವ, ವಾರಕ್ಕೆ ಐದು ದಿನ ಕುರ್ಚಿಯಲ್ಲೇ ಕೂರುವ ನಮ್ಮಂಥವರು ಹಾಕಿಸಲೇಬೇಕು ಎಂದು ನನ್ನ ಅಭಿಪ್ರಾಯ. ಆದರೆ ಕ್ಯಾಸೆಟ್ ಒಂದನ್ನೇ ಬದಲಾಯಿಸಿ ಮನೆಗೆ ಬರುವುದಿದ್ದರೆ ಬೇಡ. ಹಿಂದಿನ ಡಿರೈಲರ್, ಕ್ಯಾಸೆಟ್, ಚೈನು ಈ ಮೂರೂ ಒಂದೇ ಲೆಕ್ಕದ ಮೂರು ಸಾಲುಗಳು. ಆಫೀಸಿನಲ್ಲಿ ಒಂದು ಲೈಬ್ರರಿಯ ಆವೃತ್ತಿ ಏರಿಸಿದರೆ ಅದನ್ನು ನಂಬಿಕೊಂಡ ಉಳಿದವನ್ನೂ ನೋಡಬೇಕಾಗುತ್ತದಲ್ಲ, ಹಾಗೆಯೇ. ವ್ಯತ್ಯಾಸವೆಂದರೆ ಅಲ್ಲಿ ಎಡವಟ್ಟಾದರೆ ರಾತ್ರಿ ಫೋನ್ ಬರುತ್ತದೆ, ಇಲ್ಲಿ ಎಡವಟ್ಟಾದರೆ ಹಿಂದಿನ ಗಾಲಿ ಲಾಕ್ ಆಗುತ್ತದೆ.

ದೊಡ್ಡ ಕ್ಯಾಸೆಟ್‌ನಿಂದ ಸಿಗುವುದೇನು ಎಂದು ಮೊದಲು ನೋಡೋಣ. ಸಾಮಾನ್ಯ ರೋಡ್ ಸೈಕಲ್ಲಿನಲ್ಲಿ ಮುಂದೆ 50 ಮತ್ತು 34 ಹಲ್ಲಿನ ಎರಡು ರಿಂಗ್, ಹಿಂದೆ 11ರಿಂದ 28 ಹಲ್ಲಿನ ಕ್ಯಾಸೆಟ್ ಇರುತ್ತದೆ. ಅತಿ ಹಗುರ ಗಿಯರ್ ಅಂದರೆ ಮುಂದೆ 34, ಹಿಂದೆ 28. ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಗಾಲಿ 1.21 ಸುತ್ತು ತಿರುಗುತ್ತದೆ. ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್ ಎಂದಿಟ್ಟುಕೊಂಡರೆ ಸೈಕಲ್ 2.55 ಮೀಟರ್ ಮುಂದೆ ಹೋಗುತ್ತದೆ. ಹಿಂದೆ 34 ಹಲ್ಲು ಹಾಕಿದರೆ ಪೆಡಲಿಗೊಂದು ಸುತ್ತು, ಗಾಲಿಗೂ ಒಂದೇ ಸುತ್ತು. ಅಂದರೆ 2.1 ಮೀಟರ್. ಕಡಿದಾದ ಏರಿನಲ್ಲಿ ಗಂಟೆಗೆ 7.5 ಕಿಲೋಮೀಟರ್ ವೇಗದಲ್ಲಿ ಏದುಸಿರು ಬಿಡುತ್ತಾ ಹೋಗುವವರಿಗೆ 28ರಲ್ಲಿ ನಿಮಿಷಕ್ಕೆ 49 ಸುತ್ತು ಪೆಡಲಾದರೆ, 34ರಲ್ಲಿ 60 ಸುತ್ತು ಬರುತ್ತದೆ. ಮಾಡುವ ಕೆಲಸ ಅಷ್ಟೇ, ಆದರೆ ಪ್ರತಿ ಸುತ್ತಿಗೆ ಮಂಡಿಯ ಮೇಲೆ ಬೀಳುವ ಭಾರ ಸುಮಾರು 18 ಶೇಕಡಾ ಕಡಿಮೆ. ಒಂದೂವರೆ ಗಂಟೆ ಏರುವ ದಾರಿಯಲ್ಲಿ ಇದು ಸಣ್ಣ ವಿಷಯವಲ್ಲ.

ಈಗ ಡಿರೈಲರ್ ವಿಷಯಕ್ಕೆ ಬರೋಣ. ಹಿಂದೆ ನೇತಾಡುವ ಆ ಪುಟ್ಟ ಯಂತ್ರಕ್ಕೆ ಎರಡು ಕೆಲಸ. ಚೈನನ್ನು ಒಂದು ಹಲ್ಲುಚಕ್ರದಿಂದ ಪಕ್ಕದ ಚಕ್ರಕ್ಕೆ ದೂಡುವುದು ಒಂದು. ನಾವು ಗಿಯರ್ ಬದಲಾಯಿಸಿದಾಗಲೆಲ್ಲ ಹೆಚ್ಚಾಗಿ ಉಳಿಯುವ ಚೈನನ್ನು ಎಳೆದು ಹಿಡಿದುಕೊಳ್ಳುವುದು ಇನ್ನೊಂದು. ಎರಡು ಪುಟ್ಟ ರಾಟೆಗಳಿರುವ ಉದ್ದನೆಯ ಕೇಜ್ ಇರುವುದು ಈ ಎರಡನೇ ಕೆಲಸಕ್ಕೆ. ಅದು ಸ್ಪ್ರಿಂಗ್ ಬಲದಿಂದ ಹಿಂದಕ್ಕೆ ಮಡಿಚಿಕೊಂಡು ಸಡಿಲ ಚೈನನ್ನು ನುಂಗುತ್ತದೆ, ಬೇಕಾದಾಗ ಮುಂದಕ್ಕೆ ಚಾಚಿ ಬಿಟ್ಟುಕೊಡುತ್ತದೆ.

ಹಾಗಾಗಿ ಯಾವ ಡಿರೈಲರ್‌ಗಾದರೂ ಕೇಳಬೇಕಾದ ಪ್ರಶ್ನೆ ಮೂರು.

ಮೊದಲನೆಯದು, ನಿನ್ನ ಕೆಳಗೆ ಎಷ್ಟು ದೊಡ್ಡ ಚಕ್ರ ಹಿಡಿಸುತ್ತದೆ? ಮೇಲಿನ ರಾಟೆ ಕ್ಯಾಸೆಟ್‌ನ ಅತಿ ದೊಡ್ಡ ಚಕ್ರಕ್ಕೆ ತಾಗಬಾರದು, ನಡುವೆ ಐದಾರು ಮಿಲಿಮೀಟರ್ ಸಂದು ಬೇಕು. ತಯಾರಕರು ಪ್ರತಿ ಡಿರೈಲರ್‌ಗೂ ಗರಿಷ್ಠ ಹಲ್ಲಿನ ಸಂಖ್ಯೆ ಕೊಟ್ಟಿರುತ್ತಾರೆ.

ಎರಡನೆಯದು, ಎಷ್ಟು ಚೈನು ನುಂಗಬಲ್ಲೆ? ಇದಕ್ಕೆ ಒಟ್ಟು ಕೆಪ್ಯಾಸಿಟಿ ಎನ್ನುತ್ತಾರೆ. ಲೆಕ್ಕ ಸುಲಭ. ಮುಂದಿನ ದೊಡ್ಡ ರಿಂಗಿನಿಂದ ಚಿಕ್ಕದನ್ನು ಕಳೆಯಿರಿ, ಹಿಂದಿನ ದೊಡ್ಡ ಚಕ್ರದಿಂದ ಚಿಕ್ಕದನ್ನು ಕಳೆಯಿರಿ, ಎರಡನ್ನೂ ಕೂಡಿಸಿ. 50-34 ಮತ್ತು 11-28 ಆದರೆ 16 ಕೂಡಿಸು 17, ಒಟ್ಟು 33. ಅದೇ 11-34 ಆದರೆ 16 ಕೂಡಿಸು 23, ಒಟ್ಟು 39. ಮುಂದೆ 48-38-28ರ ಮೂರು ರಿಂಗ್, ಹಿಂದೆ 11-32 ಇರುವ ಹೈಬ್ರಿಡ್ ಸೈಕಲ್ಲಿಗೆ 20 ಕೂಡಿಸು 21, ಒಟ್ಟು 41. ಹೈಬ್ರಿಡ್‌ಗಳ ಡಿರೈಲರ್ ಕೇಜ್ ಉದ್ದವಾಗಿರುವುದಕ್ಕೆ ಇದೇ ಕಾರಣ.

ಮೂರನೆಯದು, ಹ್ಯಾಂಡಲ್‌ನಲ್ಲಿರುವ ಶಿಫ್ಟರ್ ಜೊತೆ ನಿನಗೆ ಹೊಂದಾಣಿಕೆ ಇದೆಯೇ? ಒಂದು ಕ್ಲಿಕ್ಕಿಗೆ ಶಿಫ್ಟರ್ ಇಷ್ಟು ಕೇಬಲ್ ಎಳೆಯುತ್ತದೆ, ಅಷ್ಟಕ್ಕೆ ಡಿರೈಲರ್ ಇಷ್ಟು ಸರಿಯುತ್ತದೆ ಎಂಬುದು ಮೊದಲೇ ನಿಗದಿ. ಎರಡೂ ಕೂಡಿದರೆ ಸರಿಯಾಗಿ ಒಂದು ಹಲ್ಲುಚಕ್ರದ ಅಂತರ ಆಗಬೇಕು. ಆ ಅಂತರವೋ ಬಹಳ ಚಿಕ್ಕದು. 8 ಸ್ಪೀಡ್ ಕ್ಯಾಸೆಟ್‌ನಲ್ಲಿ ಒಂದು ಚಕ್ರದಿಂದ ಇನ್ನೊಂದಕ್ಕೆ 4.8 ಮಿಲಿಮೀಟರ್, 9 ಸ್ಪೀಡ್‌ನಲ್ಲಿ 4.35, 10 ಸ್ಪೀಡ್‌ನಲ್ಲಿ 3.95. ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಎರಡು ಮೂರು ಕ್ಲಿಕ್ ಆಗುವಷ್ಟರಲ್ಲಿ ಚೈನು ಎಲ್ಲೋ ನಡುವೆ ಕಿರುಗುಟ್ಟುತ್ತಿರುತ್ತದೆ.

ಈ ಮೂರನೇ ಪ್ರಶ್ನೆಯಲ್ಲಿ ಬಹಳ ಜನ ಮೋಸಹೋಗುವುದು ಪೆಟ್ಟಿಗೆಯ ಮೇಲಿನ ಅಂಕಿ ನೋಡಿ. "ನನ್ನದೂ 10 ಸ್ಪೀಡ್, ಇದೂ 10 ಸ್ಪೀಡ್" ಎಂದರೆ ಸಾಲದು. ಶಿಮಾನೊ ಕಂಪನಿಯ 9 ಸ್ಪೀಡ್ ಕಾಲದವರೆಗೆ ರೋಡ್ ಮತ್ತು ಮೌಂಟನ್ ಡಿರೈಲರ್‌ಗಳ ಕೇಬಲ್ ಅನುಪಾತ ಒಂದೇ ಇತ್ತು. ಹಾಗಾಗಿ 9 ಸ್ಪೀಡ್ ರೋಡ್ ಶಿಫ್ಟರ್‌ಗೆ 9 ಸ್ಪೀಡ್ ಮೌಂಟನ್ ಡಿರೈಲರ್ ಜೋಡಿಸಿ ದೊಡ್ಡ ಕ್ಯಾಸೆಟ್ ಹಾಕಿಕೊಂಡವರು ಎಷ್ಟೋ ಮಂದಿ. 10 ಸ್ಪೀಡ್ ಬಂದಾಗ ಮೌಂಟನ್ ವಿಭಾಗದ ಅನುಪಾತ ಬದಲಾಯಿತು. 10 ಸ್ಪೀಡ್ ಮೌಂಟನ್ ಡಿರೈಲರ್ 10 ಸ್ಪೀಡ್ ರೋಡ್ ಶಿಫ್ಟರ್ ಜೊತೆ ಸಂಸಾರ ಮಾಡುವುದಿಲ್ಲ. ಟಿಯಾಗ್ರಾ 4700 ಎಂಬ ಸರಣಿಯಂತೂ 10 ಸ್ಪೀಡ್ ಆದರೂ ಅದರ ಕೇಬಲ್ ಲೆಕ್ಕ ಹಳೆಯ 10 ಸ್ಪೀಡ್ ರೋಡ್ ಭಾಗಗಳದ್ದಲ್ಲ, 11 ಸ್ಪೀಡಿನದು.

ಹಿಂದಿನವರಿಗೆ ಈ ತಲೆನೋವು ಇರಲಿಲ್ಲ. ಟೂರ್ ಡಿ ಫ್ರಾನ್ಸ್‌ನಲ್ಲಿ ಡಿರೈಲರ್ ಬಳಸಲು ಸ್ಪರ್ಧಿಗಳಿಗೆ ಅನುಮತಿ ಸಿಕ್ಕಿದ್ದೇ 1937ರಲ್ಲಿ. ಅದಕ್ಕೂ ಮೊದಲು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿ ಕಳಚಿ, ತಿರುಗಿಸಿ ಹಾಕಿ, ಇನ್ನೊಂದು ಬದಿಯ ದೊಡ್ಡ ಚಕ್ರಕ್ಕೆ ಚೈನು ಸಿಕ್ಕಿಸುತ್ತಿದ್ದರು. 1964ರಲ್ಲಿ ಜಪಾನಿನ ಸನ್‌ಟೂರ್ ಕಂಪನಿ ಓರೆ ಚೌಕಟ್ಟಿನ ಡಿರೈಲರ್ ತಂದಿತು. ಕ್ಯಾಸೆಟ್‌ನ ಇಳಿಜಾರಿಗೆ ಸಮನಾಗಿ ರಾಟೆಯೂ ಓರೆಯಾಗಿ ಇಳಿದು ಹತ್ತುವಂತಾದದ್ದು ಅಲ್ಲಿಂದ. ಆಗೆಲ್ಲ ಶಿಫ್ಟರ್‌ನಲ್ಲಿ ಕ್ಲಿಕ್ ಇರಲಿಲ್ಲ. ಕೈಯಿಂದ ಲಿವರ್ ಎಳೆದು, ಕಿವಿಯಿಂದ ಕೇಳಿ, ಸದ್ದು ನಿಲ್ಲುವವರೆಗೆ ಸರಿಸುತ್ತಿದ್ದರು. ಯಾವ ಡಿರೈಲರ್‌ಗೆ ಯಾವ ಲಿವರ್ ಆದರೂ ನಡೆಯುತ್ತಿತ್ತು, ಕೊರತೆಯನ್ನು ಕೈ ತುಂಬಿಕೊಡುತ್ತಿತ್ತು. 1984ರಲ್ಲಿ ಶಿಮಾನೊ ತನ್ನ ಡ್ಯುರಾ-ಏಸ್ ಸರಣಿಯಲ್ಲಿ ಕ್ಲಿಕ್ ವ್ಯವಸ್ಥೆ ತಂದ ಮೇಲೆ ಗಿಯರ್ ಬದಲಾಯಿಸುವುದು ಮಕ್ಕಳಾಟವಾಯಿತು, ಭಾಗಗಳ ಹೊಂದಾಣಿಕೆ ಮಾತ್ರ ಕಟ್ಟುನಿಟ್ಟಾಯಿತು.

ಈ ಲೆಕ್ಕ ನಿಜ ಜೀವನದಲ್ಲಿ ಹೇಗೆ ಎದುರಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಪುಣೆಯ ಸೊಸೈಟಿಯಲ್ಲಿ ಧಾರವಾಡ ಕಡೆಯ ಕಾಕಾ ಒಬ್ಬರಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾಗಿದ್ದಾರೆ, ವಯಸ್ಸು 61. ನಾನು ಹಾಸನದವನಾದ್ದರಿಂದ ನನ್ನ ಕನ್ನಡ ಅವರಿಗೆ ತಮಾಷೆ, ಅವರ ಕನ್ನಡ ನನಗೆ ಹಬ್ಬ. ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಪಾರ್ಕಿಂಗ್‌ನಲ್ಲಿ ಸಿಕ್ಕರು.

"ತಮ್ಮಾ, ನೋಡಿಲ್ಲೆ, ಹಿಂದಿನ ಚಕ್ಕರ ಎಷ್ಟ ದೊಡ್ಡದು ಹಾಕಿಸೇನಿ. ಈ ಐತವಾರ ಸಿಂಹಗಡ ಹತ್ತೂದ ಐತಿ."

"ಚೆನ್ನಾಗಿದೆ ಕಾಕಾ. ಚೈನೂ ಬದಲಾಯಿಸಿದ್ರಾ?"

"ಚೈನ ಯಾಕ? ಅದು ಛಲೋನ ಐತಲ್ಲ. 11 ಸ್ಪೀಡಿಗೆ 11 ಸ್ಪೀಡ್ ಕೂಡ್ತದ ಅಂತ ಅಂಗಡಿಯವನ ಹೇಳಿದ."

ಅವರ ಸೈಕಲ್ಲಿನದು ಶಿಮಾನೊ 105 ಆರ್7000 ಸರಣಿ, ಮುಂದೆ 50-34. ಮೊದಲಿದ್ದ ಕ್ಯಾಸೆಟ್ 11-28, ಈಗ ಹಾಕಿದ್ದು 11-34. ಡಿರೈಲರ್ ಎಸ್‌ಎಸ್ ಎಂಬ ಗಿಡ್ಡ ಕೇಜಿನದು. ಅದರ ಮಿತಿ ದೊಡ್ಡ ಚಕ್ರ 30 ಹಲ್ಲು, ಒಟ್ಟು ಕೆಪ್ಯಾಸಿಟಿ 35. ಬೇಕಾದದ್ದು 34 ಮತ್ತು 39. ಎರಡರಲ್ಲೂ ನಾಲ್ಕು ಹೆಚ್ಚು. ಅಂಗಡಿಯಲ್ಲಿ ಬಿ-ಸ್ಕ್ರೂವನ್ನು ಕೊನೆಯವರೆಗೆ ತಿರುಗಿಸಿ ಹೇಗೋ ರಾಟೆ ದೂರ ಸರಿಸಿದ್ದರು.

ಸೈಕಲನ್ನು ಸ್ಟ್ಯಾಂಡಿಗೆ ಏರಿಸಿ ಕೈಯಿಂದ ಪೆಡಲ್ ತಿರುಗಿಸಿದೆವು. ಮುಂದಿನ ಚಿಕ್ಕ ರಿಂಗಿನಲ್ಲಿ ಎಲ್ಲ ಗಿಯರೂ ಬಿದ್ದವು, 34ರ ಮೇಲೂ ಚೈನು ಸಲೀಸಾಗಿ ಕೂತಿತು. ಅಂಗಡಿಯವರು ನೋಡಿದ್ದು ಇಷ್ಟೇ ಇರಬೇಕು. ಮುಂದೆ ದೊಡ್ಡ ರಿಂಗಿಗೆ ಹಾಕಿ ಹಿಂದೆ ಒಂದೊಂದೇ ಚಕ್ರ ಏರಿಸುತ್ತಾ ಹೋದೆವು. 27ರಲ್ಲಿ ಕೇಜ್ ಮುಂದಕ್ಕೆ ಬಾಗಿತು. 30ಕ್ಕೆ ಬರುವಷ್ಟರಲ್ಲಿ ಬಿಲ್ಲಿನ ಹೆದೆಯಂತೆ ಬಿಗಿದುಕೊಂಡಿತು. ಅಲ್ಲಿಗೆ ನಿಲ್ಲಿಸಿ ಚೈನಿನ ಕೊಂಡಿ ಎಣಿಸಿದೆವು. 106.

ಈಗ ಚೈನಿನ ಉದ್ದದ ಲೆಕ್ಕ. ಒಂದು ಕೊಂಡಿ ಅಂದರೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಒಳಗಿನ ಒಂದು ಕೊಂಡಿ, ಹೊರಗಿನ ಒಂದು ಕೊಂಡಿ ಸೇರಿದರೆ ಒಂದು ಇಂಚು. ಸರಳ ಸೂತ್ರ ಹೀಗಿದೆ: ಪೆಡಲ್ ಅಚ್ಚಿನ ನಡುವಿನಿಂದ ಹಿಂದಿನ ಗಾಲಿಯ ಅಚ್ಚಿನ ನಡುವಿಗೆ ಇರುವ ದೂರವನ್ನು ಇಂಚಿನಲ್ಲಿ ಅಳೆದು ಎರಡರಷ್ಟು ಮಾಡಿ. ಅದಕ್ಕೆ ಮುಂದಿನ ದೊಡ್ಡ ರಿಂಗಿನ ಹಲ್ಲಿನ ಕಾಲುಭಾಗ, ಹಿಂದಿನ ದೊಡ್ಡ ಚಕ್ರದ ಹಲ್ಲಿನ ಕಾಲುಭಾಗ, ಮೇಲೆ ಒಂದು ಇಂಚು ಕೂಡಿಸಿ. ಬಂದದ್ದನ್ನು ಮುಂದಿನ ಪೂರ್ಣ ಇಂಚಿಗೆ ಏರಿಸಿ.

ಕಾಕಾರ ಸೈಕಲ್ಲಿನಲ್ಲಿ ಆ ದೂರ 41 ಸೆಂಟಿಮೀಟರ್, ಅಂದರೆ 16.14 ಇಂಚು. ಹಳೆಯ ಕ್ಯಾಸೆಟ್‌ಗೆ 32.28, 12.5, 7 ಮತ್ತು 1 ಕೂಡಿಸಿದರೆ 52.78. ಪೂರ್ಣ ಇಂಚಿಗೆ 53, ಕೊಂಡಿ 106. ಸೈಕಲ್ ತಯಾರಕರ ಲೆಕ್ಕ ಸರಿಯಾಗಿಯೇ ಇತ್ತು. ಹೊಸ ಕ್ಯಾಸೆಟ್‌ಗೆ 7ರ ಜಾಗದಲ್ಲಿ 8.5 ಬರುತ್ತದೆ. ಮೊತ್ತ 54.28, ಪೂರ್ಣ ಇಂಚಿಗೆ 55, ಕೊಂಡಿ 110. ಆ ಒಂದು ಇಂಚಿನ ಹೆಚ್ಚುವರಿ ಬಿಟ್ಟು, ಡಿರೈಲರ್ ಒಳಗೆ ಹಾಯಿಸದೆ ಬರೀ 50 ಮತ್ತು 34ರ ಸುತ್ತ ಚೈನು ಸುತ್ತಿದರೂ 53.28 ಇಂಚು ಬೇಕು. ಇದ್ದದ್ದು 53. ಡಿರೈಲರ್ ಹಾಗಿರಲಿ, ಎರಡು ಚಕ್ರಗಳನ್ನು ಸುತ್ತುವುದಕ್ಕೇ ಚೈನು ಸಾಲದು.

"ದೊಡ್ಡದು-ದೊಡ್ಡದು ಹಾಕೋದೇ ಇಲ್ಲ ಬಿಡಿ" ಎನ್ನುವವರಿದ್ದಾರೆ. ಘಾಟಿ ಶುರುವಾಗುವ ಕಡೆ ನಿಮ್ಮನ್ನು ನೀವೇ ಗಮನಿಸಿ. ಸಮತಟ್ಟು ರಸ್ತೆಯಲ್ಲಿ ಮುಂದಿನ ದೊಡ್ಡ ರಿಂಗಿನಲ್ಲಿ ಬಂದಿರುತ್ತೀರಿ. ಏರು ಸಿಕ್ಕಿತು, ಬಲಗೈ ಬೆರಳು ತಾನಾಗಿ ಹಿಂದಿನ ಗಿಯರ್ ಹಗುರ ಮಾಡುತ್ತಾ ಹೋಗುತ್ತದೆ. ಕಣ್ಣು ರಸ್ತೆಯ ಮೇಲೆ, ಮನಸ್ಸು ಉಸಿರಿನ ಮೇಲೆ. ಮುಂದೆ ಯಾವ ರಿಂಗಿದೆ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಕೊನೆಯ ಕ್ಲಿಕ್ ಬಿದ್ದಾಗ ಚೈನು 34ರ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಕಾಲು ಪೂರ್ತಿ ಬಲ ಹಾಕಿರುತ್ತದೆ. ಆಗ ಮುರಿಯುವುದು ಡಿರೈಲರ್ ಹ್ಯಾಂಗರ್. ಕಿತ್ತುಬಂದ ಡಿರೈಲರ್ ಗಾಲಿಯ ಕಡ್ಡಿಗಳ ನಡುವೆ ಹೊಕ್ಕರೆ ಗಾಲಿ ನಿಂತೇ ಹೋಗುತ್ತದೆ. ಹಿಂದೆ ಪ್ರವಾಸಿಗರ ಕಾರುಗಳ ಸಾಲು, ಸೈಕಲ್ ಮೇಲೆ 61 ವರ್ಷದ ಮನುಷ್ಯ. ಚೈನಿನಲ್ಲಿ ಕಡಿಮೆ ಇದ್ದದ್ದು ಎರಡು ಇಂಚು.

ಕಾಕಾಗೆ ಎರಡು ಭಾಗ ಬದಲಾಯಿಸಬೇಕಾಯಿತು. ಅದೇ ಸರಣಿಯ ಜಿಎಸ್ ಎಂಬ ಉದ್ದ ಕೇಜಿನ ಡಿರೈಲರ್. ಅದರ ಮಿತಿ 34 ಹಲ್ಲು, ಕೆಪ್ಯಾಸಿಟಿ 39. ಅವರ ಲೆಕ್ಕಕ್ಕೆ ಸರಿಯಾಗಿ ಕೂರುವಂಥದ್ದು. ಜೊತೆಗೆ 110 ಕೊಂಡಿಗೆ ಕತ್ತರಿಸಿದ ಹೊಸ ಚೈನು. ಶಿಫ್ಟರ್ ಹಳೆಯದೇ ನಡೆಯಿತು. ಸಿಂಹಗಡದ ಕಾರ್ಯಕ್ರಮ ಎರಡು ವಾರ ಮುಂದೆ ಹೋಯಿತು ಅಷ್ಟೇ. ಈ ಹಿಂದೆ ಎರಡು ಕಡೆ ಇಳಿದು ತಳ್ಳಿಕೊಂಡು ಹೋದವರು ಈ ಬಾರಿ ಇಳಿಯಲಿಲ್ಲ. ಮೇಲೆ ಹೋಗಿ ಪಿಠಲ-ಭಾಕರಿ ತಿಂದು, "ನಮ್ಮ ಝುಣಕದ ಮುಂದ ಇದೇನ ಅಲ್ಲ ಬಿಡು" ಎಂದು ಎರಡನೇ ಭಾಕರಿಗೆ ಕೈ ಹಾಕಿದರು.

ಈ ಉದಾಹರಣೆಯಿಂದ ನೆನಪಿಡಬೇಕಾದ ಮಾತು ಒಂದೇ. ಚೈನು ಉದ್ದವಾದರೆ ಕಿರಿಕಿರಿ, ಗಿಡ್ಡವಾದರೆ ಅಪಾಯ. ಕೆಪ್ಯಾಸಿಟಿ ಮೀರಿದ ಡಿರೈಲರ್‌ಗೆ ಸರಿಯಾದ ಉದ್ದದ ಚೈನು ಹಾಕಿದಿರಿ ಎನ್ನಿ. ಮುಂದೆ ಚಿಕ್ಕ ರಿಂಗ್, ಹಿಂದೆ ಚಿಕ್ಕ ಚಕ್ರ ಹಾಕಿದಾಗ ಚೈನು ಜೋಲುತ್ತದೆ, ಸದ್ದು ಮಾಡುತ್ತದೆ, ಕೆಲವೊಮ್ಮೆ ಕಳಚೀತು. ಆ ಜೋಡಿಯನ್ನು ಬಳಸದಿದ್ದರಾಯಿತು, ಅದರಿಂದ ಹೇಗೂ ಲಾಭವಿಲ್ಲ. ಅದೇ ಜೋಲುವುದನ್ನು ತಪ್ಪಿಸಲು ಚೈನು ಕತ್ತರಿಸಿದಿರೋ, ಅಪಾಯವನ್ನು ಇನ್ನೊಂದು ತುದಿಗೆ ಸಾಗಿಸಿದಂತೆ. ಆದ್ದರಿಂದ ಚೈನನ್ನು ಯಾವಾಗಲೂ ದೊಡ್ಡದು-ದೊಡ್ಡದಕ್ಕೆ ಅಳೆಯಬೇಕು.

ಸೂತ್ರ ಬೇಡವೆನ್ನುವವರಿಗೆ ಕೈಯಳತೆಯ ದಾರಿಯಿದೆ. ಹೊಸ ಚೈನನ್ನು ಡಿರೈಲರ್ ಒಳಗೆ ಹಾಯಿಸದೆ ಮುಂದಿನ ದೊಡ್ಡ ರಿಂಗ್, ಹಿಂದಿನ ದೊಡ್ಡ ಚಕ್ರದ ಸುತ್ತ ಸುತ್ತಿ. ತುದಿಗಳು ಸೇರುವ ಜಾಗದಿಂದ ಎರಡು ಕೊಂಡಿ ಹೆಚ್ಚಿಗೆ ಬಿಟ್ಟು ಕತ್ತರಿಸಿ. ಒಳಕೊಂಡಿಗೆ ಹೊರಕೊಂಡಿಯೇ ಸೇರುವುದರಿಂದ ಕೆಲವೊಮ್ಮೆ ಮೂರು ಬಿಡಬೇಕಾಗುತ್ತದೆ, ಬಿಡಿ. ಕ್ವಿಕ್ ಲಿಂಕ್ ಬಳಸುವುದಾದರೆ ಅದೂ ಒಂದು ಕೊಂಡಿ ಎಂದು ಎಣಿಸಿ. 110 ಬೇಕಿದ್ದರೆ 109 ಕೊಂಡಿಯ ಚೈನು ಮತ್ತು ಒಂದು ಕ್ವಿಕ್ ಲಿಂಕ್. ಹೊಸ ಚೈನು ಸಾಮಾನ್ಯವಾಗಿ 116 ಕೊಂಡಿಯದ್ದಿರುತ್ತದೆ, ಆತುರದಲ್ಲಿ ಕತ್ತರಿಸುವ ಅಗತ್ಯವಿಲ್ಲ. ಹಳೆಯ ಚೈನಿಗೆ ತುಂಡು ಸೇರಿಸಿ ಉದ್ದ ಮಾಡುವುದು ಬೇಡ. ಸವೆದ ಚೈನು ಹೊಸ ಕ್ಯಾಸೆಟ್‌ನ ಹಲ್ಲನ್ನೂ ಸವೆಸುತ್ತದೆ. ಹಳೆಯದರಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು ಇರಬೇಕು. ಅಡಿಪಟ್ಟಿ ಇಟ್ಟು ನೋಡಿ, ಇಂಚಿನ ಹದಿನಾರನೇ ಒಂದು ಭಾಗದಷ್ಟು ಹೆಚ್ಚಿದ್ದರೆ ಅದರ ಆಯಸ್ಸು ಮುಗಿಯಿತು.

ಇನ್ನೊಂದು ಚಿಕ್ಕ ವಿಷಯ. ಶಿಮಾನೊದ 11 ಸ್ಪೀಡ್ 11-34 ಕ್ಯಾಸೆಟ್ 11 ಸ್ಪೀಡ್ ರೋಡ್ ಹಬ್‌ನ ಮೇಲೆ ಕೂರಲು 1.85 ಮಿಲಿಮೀಟರ್ ದಪ್ಪದ ಸ್ಪೇಸರ್ ಬೇಕು. ಅದಿಲ್ಲದೆ ಬಿಗಿದರೆ ಕ್ಯಾಸೆಟ್ ಅಲುಗುತ್ತದೆ. ಅಂಗಡಿಯವರು ಪೆಟ್ಟಿಗೆ ಎಸೆಯುವ ಮುನ್ನ ಆ ತೆಳ್ಳನೆ ಬಳೆ ಒಳಗೇ ಉಳಿದಿದೆಯೇ ಎಂದು ನೋಡಿ.

ಎಲ್ಲರಿಗೂ 34 ಬೇಕೇ? ಬೇಡ. 11-28ರಲ್ಲಿ 11, 12, 13, 14, 15 ಎಂದು ಒಂದೊಂದೇ ಹಲ್ಲಿನ ಮೆಟ್ಟಿಲು. 11-34ರಲ್ಲಿ 11 ಆದ ಮೇಲೆ 13, ಆಮೇಲೆ 15. ಸಮತಟ್ಟು ರಸ್ತೆಯಲ್ಲಿ ಗುಂಪಿನೊಂದಿಗೆ ಹೋಗುವಾಗ ಒಂದು ಗಿಯರ್ ಭಾರ, ಇನ್ನೊಂದು ಹಗುರ ಎನಿಸುತ್ತದೆ. ಚೆನ್ನೈನ ಈಸಿಆರ್ ರಸ್ತೆಯಲ್ಲೇ ಭಾನುವಾರ ಕಳೆಯುವ ಗೆಳೆಯರಿಗೆ 28 ಸಾಕು. ಅವರೇ ಏಲಗಿರಿಯ 14 ತಿರುವು ಹತ್ತಲು ಹೊರಟರೆ ಮಾತು ಬೇರೆ. ಮುಂಬೈನಿಂದ ಖಂಡಾಲಾ ಹತ್ತುವವರು, ಬ್ಯಾಗ್ ಕಟ್ಟಿಕೊಂಡು ಕಾತ್ರಜ್, ಖಂಬಾಟ್ಕಿ ದಾಟಿ ಊರಿಗೇ ಸೈಕಲ್ಲಿನಲ್ಲಿ ಹೋಗುತ್ತೇವೆ ಎಂದು ಹೊರಡುವ ಪುಣೆಯ ಉತ್ಸಾಹಿಗಳು ದೊಡ್ಡದನ್ನೇ ಹಾಕಿಸಿಕೊಳ್ಳಲಿ.

ಕೊನೆಯದಾಗಿ, ಹೊಸ ಸೈಕಲ್ಲನ್ನೇ ತೆಗೆದುಕೊಳ್ಳಿ ಎಂದು ಯಾರಾದರೂ ಹೇಳಿದರೆ ಈ ಕೆಲಸ ಮಾಡಿ. ಡಿರೈಲರ್‌ನ ಒಳಬದಿಯಲ್ಲಿ ಕೆತ್ತಿರುವ ಮಾದರಿ ಸಂಖ್ಯೆಯನ್ನು ಫೋಟೋ ತೆಗೆಯಿರಿ. ತಯಾರಕರ ಪಟ್ಟಿಯಲ್ಲಿ ಅದರ ಗರಿಷ್ಠ ಹಲ್ಲು ಮತ್ತು ಕೆಪ್ಯಾಸಿಟಿ ನೋಡಿ. ಮುಂದೆ ಹಿಂದೆ ಹಲ್ಲು ಎಣಿಸಿ, ಚೈನಿನ ಕೊಂಡಿ ಎಣಿಸಿ, ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಕೆಲಸ ಮುಗಿದ ಮೇಲೆ ಸ್ಟ್ಯಾಂಡಿನ ಮೇಲೆ, ಕೈಯಿಂದ ನಿಧಾನವಾಗಿ, ದೊಡ್ಡದು-ದೊಡ್ಡದಕ್ಕೆ ನಿಮ್ಮೆದುರೇ ಹಾಕಿ ತೋರಿಸಲು ಹೇಳಿ. ಕೇಜ್ ಮುಂದೆ ಚಾಚಿದ್ದರೂ ಸ್ವಲ್ಪ ಮಡಿಕೆ ಉಳಿದಿರಬೇಕು. ಅದನ್ನು ನೋಡದೆ ದುಡ್ಡು ಕೊಡಬೇಡಿ.

ಮುಂದಿನ ತಿಂಗಳು ಇಳಿಜಾರಿನ ಸರದಿ: ಘಾಟಿ ಇಳಿಯುವಾಗ ಬ್ರೇಕ್ ಪ್ಯಾಡ್ ಎಷ್ಟು ಕಾಯುತ್ತದೆ, ಯಾವಾಗ ಬದಲಾಯಿಸಬೇಕು. ಅಷ್ಟರಲ್ಲಿ ನಿಮ್ಮ ಚೈನಿನ ಕೊಂಡಿ ಎಣಿಸಿಟ್ಟಿರಿ.